ಊರಿನ ಲಾರಿಯೋ ದೂರದ ಲಾರಿಯೋ: ಗಡಿನಾಡಿನ ಚಾಲಕ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಗಡಿನಾಡಿನ ಕನ್ನಡ ಶಾಲೆಗಳ ಪ್ರವೇಶ ಪುಸ್ತಕವನ್ನು ತೆರೆದು ತಂದೆಯ ಉದ್ಯೋಗದ ಕಾಲಂ ನೋಡಿದರೆ ಕೃಷಿ ಮತ್ತು ಕೂಲಿಯ ಜೊತೆಗೆ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಪದ ‘ಚಾಲಕ’. ಜತ್ತ, ಅಕ್ಕಲಕೋಟೆಗಳ ಕಬ್ಬಿನ ಲಾರಿ, ತಾಳವಾಡಿಯ ತರಕಾರಿ ಗಾಡಿ, ಹೊಸೂರಿನ ಕಾರ್ಖಾನೆಗಳ ಕ್ಯಾಂಟರ್, ಮಂಜೇಶ್ವರ–ಕಾಸರಗೋಡುಗಳ ಕೆಂಪುಕಲ್ಲಿನ ಲಾರಿ, ಆದೋನಿಯ ಹತ್ತಿಯ ಲಾರಿ, ಹೀಗೆ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಸ್ಟೀರಿಂಗ್ ಹಿಡಿದ ಕೈಗಳಿಂದ. ಇತ್ತೀಚಿನ ವರ್ಷಗಳಲ್ಲಿ ಹತ್ತನೆಯ ಅಥವಾ ಹನ್ನೆರಡನೆಯ ತರಗತಿ ಮುಗಿಸಿದ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದೇ ವೃತ್ತಿಗೆ ಬರುತ್ತಿದ್ದಾರೆ. ಅವರೂ ಅವರ ಪಾಲಕರೂ ನಮ್ಮನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: ‘ಗುರುಗಳೇ, ಇಲ್ಲೇ ಲೋಕಲ್ ಓಡಿಸುವುದು ಮೇಲೋ, ಲೈನಿಗೆ ಹೋಗುವುದು ಮೇಲೋ?’

ಈ ಪ್ರಶ್ನೆಗೆ ನಾವು ಸಂಪೂರ್ಣ ನಿಷ್ಪಕ್ಷಪಾತಿಗಳಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ದೂರದ ಲಾರಿಗೆ ಸೇರಿದ ತಂದೆ ಒಂದೆರಡು ವರ್ಷಗಳಲ್ಲಿ ಹೆಂಡತಿ ಮಕ್ಕಳನ್ನು ಪುಣೆಗೋ ಕೊಯಮತ್ತೂರಿಗೋ ಕರೆದೊಯ್ದರೆ ಕನ್ನಡ ಶಾಲೆಯ ಹಾಜರಿಯಲ್ಲಿ ಎರಡು ಹೆಸರುಗಳು ಕಡಿಮೆಯಾಗುತ್ತವೆ. ಮಕ್ಕಳ ಸಂಖ್ಯೆ ಕುಸಿದ ಶಾಲೆಯ ಗತಿ ಏನಾಗುತ್ತದೆ ಎಂಬುದು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಆದರೆ ಶಾಲೆಯ ಹಿತಕ್ಕಾಗಿ ಒಂದು ಕುಟುಂಬ ಕಡಿಮೆ ಸಂಪಾದನೆಯಲ್ಲಿ ಉಳಿಯಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ಆದ್ದರಿಂದ ಲೆಕ್ಕ, ಕಾನೂನು, ದಾರಿ ಈ ಮೂರನ್ನೂ ಇದ್ದಂತೆ ಮುಂದಿಡುತ್ತೇವೆ. ನಿರ್ಧಾರ ಮನೆಯವರದು.

ಎರಡು ಬಗೆಯ ಕೆಲಸ

ಸ್ಥಳೀಯ ಕೆಲಸವೆಂದರೆ ಬೆಳಗ್ಗೆ ಹೊರಟು ಅದೇ ರಾತ್ರಿ ಮನೆಗೆ ಮರಳುವ ಕೆಲಸ. ಹಾಲಿನ ವಾಹನ, ನೀರಿನ ಟ್ಯಾಂಕರ್, ಟಿಪ್ಪರ್, ಮಾರುಕಟ್ಟೆಯ ತರಕಾರಿ ಗಾಡಿ, ಅಂಗಡಿಗಳಿಗೆ ಸರಕು ಹಂಚುವ ಸಣ್ಣ ವಾಹನ, ಹಂಗಾಮಿನ ಕಬ್ಬು ಸಾಗಣೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಪ್ರಾದೇಶಿಕ ಕೆಲಸವೆಂದರೆ ಅಕ್ಕಪಕ್ಕದ ಎರಡು ಮೂರು ರಾಜ್ಯಗಳೊಳಗೆ ಓಡಾಡಿ ಎರಡರಿಂದ ಐದು ದಿನಗಳಿಗೊಮ್ಮೆ ಮನೆ ಸೇರುವುದು. ಸೊಲ್ಲಾಪುರದ ಮಾರುಕಟ್ಟೆಯಿಂದ ಈರುಳ್ಳಿ ತುಂಬಿಕೊಂಡು ಹೈದರಾಬಾದಿಗೋ ಚೆನ್ನೈಗೋ ಹೋಗುವ ಲಾರಿ, ಹೊಸೂರಿನಿಂದ ವಾಹನದ ಬಿಡಿಭಾಗಗಳನ್ನು ಪುಣೆಗೆ ಒಯ್ಯುವ ಕಂಟೇನರ್, ಮಂಗಳೂರಿನಿಂದ ಕೇರಳದೊಳಕ್ಕೆ ಇಳಿಯುವ ಅನಿಲದ ಟ್ಯಾಂಕರ್ ಈ ಬಗೆಯವು. ಇದಕ್ಕೂ ಆಚೆಗೆ ದಿಲ್ಲಿ, ಗುವಾಹಟಿಯವರೆಗೆ ಹೋಗಿ ತಿಂಗಳಿಗೊಮ್ಮೆ ಮುಖ ತೋರಿಸುವ ಕೆಲಸವೂ ಉಂಟು. ಹೊಸಬರಿಗೆ ಅದನ್ನು ನಾವು ಸೂಚಿಸುವುದಿಲ್ಲ. ಆ ಮಾತು ಇಲ್ಲಿಗೇ ಸಾಕು.

ಗಡಿನಾಡಿನಲ್ಲಿ ಮಾತ್ರ ಇದರೊಳಗೆ ಒಂದು ತೊಡಕಿದೆ. ಮಂಜೇಶ್ವರದವನಿಗೆ ಮಂಗಳೂರು, ಹೊಸೂರಿನವನಿಗೆ ಆನೇಕಲ್ಲು, ತಾಳವಾಡಿಯವನಿಗೆ ಚಾಮರಾಜನಗರ, ಜತ್ತದವನಿಗೆ ವಿಜಯಪುರ ಇವೆಲ್ಲ ದೂರದಿಂದ ನೋಡಿದರೆ ‘ಲೋಕಲ್’. ಆದರೆ ಕಾನೂನಿನ ಕಣ್ಣಿಗೆ ಅದು ಅಂತರರಾಜ್ಯ ಸಂಚಾರ. ಒಂದು ರಾಜ್ಯದೊಳಗೆ ಮಾತ್ರ ಸಲ್ಲುವ ಪರವಾನಗಿಯುಳ್ಳ ಸರಕು ವಾಹನ, ರಾಷ್ಟ್ರೀಯ ಪರವಾನಗಿಯನ್ನಾಗಲಿ ಪಕ್ಕದ ರಾಜ್ಯದ ಮೇಲುರುಜುವನ್ನಾಗಲಿ ಪಡೆಯದೆ ಗಡಿ ದಾಟುವಂತಿಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಸಣ್ಣ ಸರಕು ವಾಹನಗಳಿಗೆ ಮಾತ್ರ ಪರವಾನಗಿಯ ಅಗತ್ಯವಿಲ್ಲ. ಪರವಾನಗಿಯಿಲ್ಲದೆ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಕಲಮಿನಡಿ ಮೊದಲ ಸಲವೇ ಹತ್ತು ಸಾವಿರ ರೂಪಾಯಿ ದಂಡ ಮತ್ತು ಆರು ತಿಂಗಳವರೆಗಿನ ಸೆರೆವಾಸದ ಅವಕಾಶವಿದೆ. ಆ ಕಲಮು ಓಡಿಸಿದವನನ್ನೂ ಓಡಿಸಲು ಕಳಿಸಿದವನನ್ನೂ ಹಿಡಿಯುತ್ತದೆ. ಚೆಕ್‌ಪೋಸ್ಟಿನಲ್ಲಿ ಎದುರಿಗೆ ಸಿಗುವವನು ಮಾಲೀಕನಲ್ಲ, ಚಾಲಕ. ಆದಕಾರಣ ‘ಇಲ್ಲೇ ಪಕ್ಕದಲ್ಲಿ’ ಎಂದು ಕರೆಯುವ ಕೆಲಸಕ್ಕೆ ಒಪ್ಪುವ ಮುನ್ನ ಪರವಾನಗಿಯ ಪ್ರತಿಯನ್ನು ಕೇಳಿ ಓದಬೇಕು.

ಲೈಸೆನ್ಸಿನ ಮೆಟ್ಟಿಲುಗಳು

ಹದಿನೆಂಟು ತುಂಬಿದವರು ಕಾರು, ಜೀಪುಗಳಂಥ ಹಗುರ ವಾಹನದ ಲೈಸೆನ್ಸ್ ಪಡೆಯಬಹುದು. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಸಾರಿಗೆ ವಾಹನದ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕುವವರು ಅದಕ್ಕೆ ಮೊದಲು ಕನಿಷ್ಠ ಒಂದು ವರ್ಷ ಹಗುರ ವಾಹನದ ಲೈಸೆನ್ಸ್ ಹೊಂದಿರಬೇಕು. ಜೊತೆಗೆ ನಮೂನೆ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರವೂ ಮಾನ್ಯತೆ ಪಡೆದ ತರಬೇತಿ ಶಾಲೆಯ ನಮೂನೆ 5ರ ಪ್ರಮಾಣಪತ್ರವೂ ಬೇಕು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ಹಿಂದಿನ ಷರತ್ತನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಈ ಸಡಿಲಿಕೆಯನ್ನು ಕೇಳಿ ಏಳನೆಯ ತರಗತಿಗೇ ಮಗನನ್ನು ಶಾಲೆ ಬಿಡಿಸಿ ಕ್ಲೀನರ್ ಆಗಿ ಕಳಿಸಿದ ಮನೆಗಳನ್ನು ನಾವು ಕಂಡಿದ್ದೇವೆ. ಅದು ಹಿಂದೆಯೇ ವೃತ್ತಿಯಲ್ಲಿದ್ದ ಓದು ಬಾರದ ಚಾಲಕರಿಗೆ ಅನುಕೂಲವಾಗಲೆಂದು ಬಂದದ್ದು. ಹದಿಮೂರರ ಹುಡುಗನಿಗೆ ಅದರಿಂದ ಒಂದು ದಿನವೂ ಮೊದಲು ಲೈಸೆನ್ಸ್ ಸಿಗುವುದಿಲ್ಲ, ಅವನು ಇಪ್ಪತ್ತರವರೆಗೆ ಕಾಯಲೇಬೇಕು. ಆ ಏಳು ವರ್ಷಗಳನ್ನು ಶಾಲೆಯಲ್ಲೋ ಐಟಿಐಯಲ್ಲೋ ಕಳೆದರೆ ನಷ್ಟವೇನೂ ಇಲ್ಲ.

ಇನ್ನೊಂದು ಮುಖ್ಯ ಸಂಗತಿ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನಗಳನ್ನು ಹಗುರ ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ. ಸ್ಥಳೀಯ ಕೆಲಸದ ಬಹುಪಾಲು ಸಣ್ಣ ವಾಹನಗಳು ಈ ಮಿತಿಯೊಳಗೇ ಬರುತ್ತವೆ. ದೂರದ ದಾರಿಯ ಲಾರಿ, ಟ್ರೇಲರುಗಳಿಗೆ ಭಾರಿ ವಾಹನದ ಲೈಸೆನ್ಸ್ ಬೇಕೇಬೇಕು. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಇದರ ಪಾಠಕ್ರಮ ಆರು ವಾರಗಳಲ್ಲಿ 38 ಗಂಟೆಗಳದ್ದು. ಯಾವ ರಾಜ್ಯದಲ್ಲಿ ಪಡೆದರೂ ಲೈಸೆನ್ಸ್ ದೇಶವಿಡೀ ಸಲ್ಲುತ್ತದೆ. ‘ಮಹಾರಾಷ್ಟ್ರದ ಲೈಸೆನ್ಸಿಗೆ ಕರ್ನಾಟಕದಲ್ಲಿ ಬೆಲೆಯಿಲ್ಲ’ ಎಂದು ಹೇಳಿ ಹಣ ಕೇಳುವ ದಲ್ಲಾಳಿಗಳ ಮಾತನ್ನು ನಂಬಬಾರದು.

ಪೆಟ್ರೋಲ್, ಅನಿಲ, ಆಮ್ಲ ಮುಂತಾದ ಅಪಾಯಕಾರಿ ಸರಕಿನ ಟ್ಯಾಂಕರುಗಳ ಬಗೆಗೆ ಕನ್ನಡ ಮಾಧ್ಯಮದವರು ವಿಶೇಷವಾಗಿ ತಿಳಿಯಬೇಕಾದದ್ದಿದೆ. ಈ ವಾಹನಗಳ ಚಾಲಕನಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಒಂದು ಭಾರತೀಯ ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮ ಹೇಳುತ್ತದೆ. ಮೂರು ದಿನಗಳ ತರಬೇತಿಯೂ ಕಡ್ಡಾಯ. ಕನ್ನಡ ಆ ಅನುಸೂಚಿಯ ಭಾಷೆ. ತಮಿಳುನಾಡಿನಲ್ಲಿದ್ದರೂ ಮಹಾರಾಷ್ಟ್ರದಲ್ಲಿದ್ದರೂ ನಮ್ಮ ಹುಡುಗನ ಕನ್ನಡ ಓದು ಈ ನಿಯಮಕ್ಕೆ ಸಲ್ಲುತ್ತದೆ. ಇಂಗ್ಲಿಷ್ ಓದಿನ ಕೊರತೆಯನ್ನು ಮಾತ್ರ ಶಾಲೆಯಲ್ಲೇ ತುಂಬಿಕೊಳ್ಳಬೇಕು, ಇದು ಶಿಕ್ಷಕರಾದ ನಮ್ಮ ಹೊಣೆಯೂ ಹೌದು. ಟ್ಯಾಂಕರಿನ ಮೈಮೇಲೆ ಬರೆದ ತುರ್ತು ಸೂಚನೆಯನ್ನು ಓದಬಲ್ಲ ಚಾಲಕ ಏಕೆ ಬೇಕೆಂಬುದನ್ನು 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಅನಿಲದ ಟ್ಯಾಂಕರ್ ಉರುಳಿ ಸ್ಫೋಟಿಸಿದ ದುರಂತ ಕಾಸರಗೋಡಿನ ಕಡೆಯವರಿಗೆ ನೆನಪಿಸುತ್ತಲೇ ಇರುತ್ತದೆ.

ಸಂಬಳದ ಲೆಕ್ಕ

ಸ್ಥಳೀಯ ಕೆಲಸಕ್ಕೆ ಸಾಮಾನ್ಯವಾಗಿ ತಿಂಗಳ ಸಂಬಳ ಅಥವಾ ದಿನಗೂಲಿ. ಟಿಪ್ಪರಿನಂಥ ಕಡೆ ಟ್ರಿಪ್ಪಿಗಿಷ್ಟು. ಪ್ರಾದೇಶಿಕ ಕೆಲಸದಲ್ಲಿ ಸಣ್ಣ ಸಂಬಳದ ಮೇಲೆ ಟ್ರಿಪ್ಪಿನ ಹಣ, ಬಾಟಾ, ಕೆಲವೆಡೆ ಕಿಲೋಮೀಟರಿನ ಲೆಕ್ಕ, ಇನ್ನು ಕೆಲವೆಡೆ ಉಳಿಸಿದ ಡೀಸೆಲಿನ ಮೇಲೆ ಪಾಲು. ಕಿವಿಗೆ ಬೀಳುವ ಮೊತ್ತ ದೊಡ್ಡದು. ಹೋಲಿಸುವಾಗ ಮಾಡಬೇಕಾದ ಲೆಕ್ಕ ಬೇರೆ.

ತೋರಿಕೆಗಾಗಿ ಎರಡು ಮೊತ್ತಗಳನ್ನು ಇಟ್ಟುಕೊಳ್ಳೋಣ. ಓದುಗರು ತಮ್ಮ ಊರಿನ ದರ ಹಾಕಿಕೊಳ್ಳಬೇಕು. ಸ್ಥಳೀಯ ಚಾಲಕನಿಗೆ ತಿಂಗಳಿಗೆ 18,000 ರೂಪಾಯಿ, ದಿನಕ್ಕೆ ಹತ್ತು ಗಂಟೆಯಂತೆ 26 ದಿನ ಕೆಲಸ. ಬುತ್ತಿ ಮನೆಯದು, ಚಹಾ ತಿಂಡಿಗೆ ದಿನಕ್ಕೆ 50ರಂತೆ 1,300 ಹೋದರೆ ಉಳಿಯುವುದು 16,700. ಅದನ್ನು 260 ಗಂಟೆಗಳಿಗೆ ಹಂಚಿದರೆ ಗಂಟೆಗೆ ಸುಮಾರು 64 ರೂಪಾಯಿ. ಪ್ರಾದೇಶಿಕ ಚಾಲಕ ಐದು ದಿನಗಳ ಟ್ರಿಪ್ಪಿಗೆ ಬಾಟಾ ಸೇರಿ 5,500ರಂತೆ ತಿಂಗಳಿಗೆ ಐದು ಟ್ರಿಪ್ ಮಾಡಿದರೆ 27,500. ಎರಡು ಹೊತ್ತಿನ ಊಟ, ಸ್ನಾನ, ಚಹಾಕ್ಕೆ ದಿನಕ್ಕೆ 300ರಂತೆ 25 ದಿನಕ್ಕೆ 7,500 ಕಳೆದರೆ 20,000. ಓಡಿಸುವುದು, ಲೋಡಿಗೆ ಕಾಯುವುದು, ಟಾರ್ಪಾಲ್ ಕಟ್ಟುವುದು, ಸರಕಿನ ಕಾವಲು ಎಲ್ಲ ಸೇರಿ ದಿನಕ್ಕೆ ಹದಿನಾಲ್ಕು ಗಂಟೆ ಹಿಡಿದರೆ 350 ಗಂಟೆ. ಗಂಟೆಗೆ ಬಿದ್ದದ್ದು 57 ರೂಪಾಯಿ.

ಹಾಗೆಂದು ಲೋಕಲ್ಲೇ ಲಾಭವೆಂದು ಇಲ್ಲಿಗೆ ಲೆಕ್ಕ ಮುಚ್ಚುವುದು ಅಪ್ರಾಮಾಣಿಕತೆಯಾಗುತ್ತದೆ. ಮನೆಗೆ ತಲುಪುವ ಹಣ ಎರಡನೆಯದರಲ್ಲಿ 3,300 ಹೆಚ್ಚು. ಸಾಲವಿರುವ ಮನೆಗೆ ಆ 3,300 ದೊಡ್ಡದು. ಸಾಲದ ಕಂತು ಗಂಟೆಯ ಲೆಕ್ಕ ನೋಡುವುದಿಲ್ಲ. ಆದರೆ ಲೋಡು ಸಿಗದೆ ತಿಂಗಳಿಗೆ ಒಂದು ಟ್ರಿಪ್ ತಪ್ಪಿದರೆ ಹೋಗುವುದು 5,500. ಮನೆಯಲ್ಲೇ ಕುಳಿತದ್ದರಿಂದ ಹೊರಗಿನ ಖರ್ಚಿನಲ್ಲಿ 1,500 ಉಳಿದರೂ ಕೈಗೆ ಬರುವುದು 16,000 ಮಾತ್ರ, ಸ್ಥಳೀಯನಿಗಿಂತ ಕಡಿಮೆ. ಆದ್ದರಿಂದ ಕೆಲಸ ಕೊಡುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಟ್ರಿಪ್ಪಿಗೆ ಎಷ್ಟು’ ಎಂಬುದಲ್ಲ. ಕಳೆದ ಮೂರು ತಿಂಗಳಲ್ಲಿ ಈ ಗಾಡಿ ಎಷ್ಟು ಟ್ರಿಪ್ ಮಾಡಿದೆ, ಕಾದ ದಿನಕ್ಕೆ ಬಾಟಾ ಉಂಟೇ ಎಂಬುದು ಮೊದಲ ಪ್ರಶ್ನೆ.

ನಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ಮನೆ ಕಟ್ಟುವ ಸಲುವಾಗಿ ಮುಂಗಡ ಪಡೆದು ದೂರದ ಲಾರಿಗೆ ಸೇರಿದ. ಟೈರು ಸಿಡಿದದ್ದು, ಸರಕು ಒದ್ದೆಯಾದದ್ದು, ಚೆಕ್‌ಪೋಸ್ಟಿನ ದಂಡ ಎಲ್ಲವೂ ಅವನ ಹೆಸರಿನಲ್ಲೇ ಬರೆಯಲ್ಪಟ್ಟು ಎರಡು ವರ್ಷಗಳ ನಂತರ ಮುಂಗಡ ತಗ್ಗುವ ಬದಲು ಬೆಳೆದಿತ್ತು. ಅವನು ರುಜು ಹಾಕಿದ ಕಾಗದ ರಾಜ್ಯಭಾಷೆಯಲ್ಲಿತ್ತು. ಮಾತನಾಡಲು ಬರುತ್ತಿದ್ದ ಆ ಭಾಷೆಯನ್ನು ಓದಲು ಅವನು ಸಂಕೋಚಪಟ್ಟಿದ್ದ. ಕಾಗದವನ್ನು ನಮ್ಮ ಬಳಿಗೆ ತಂದದ್ದು ಅವನ ತಾಯಿ, ಅದೂ ತಡವಾಗಿ. ಮುಂಗಡ ತೀರಿಲ್ಲವೆಂಬ ಕಾರಣಕ್ಕೆ ಯಾರನ್ನೂ ಬಲವಂತವಾಗಿ ದುಡಿಸಿಕೊಳ್ಳುವಂತಿಲ್ಲ. 1976ರ ಜೀತ ಕಾರ್ಮಿಕ ಪದ್ಧತಿ ನಿರ್ಮೂಲನ ಕಾಯ್ದೆ ಅದನ್ನು ಅಪರಾಧವೆಂದು ಹೇಳುತ್ತದೆ. ಇಂಥ ಸಂದರ್ಭದಲ್ಲಿ ದೂರು ಕೊಡಬೇಕಾದದ್ದು ಜಿಲ್ಲಾಧಿಕಾರಿಗೆ. ಆದರೂ ಕಾಗದವನ್ನು ಮೊದಲೇ ಓದಿಸಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ. ನೆರೆಯವರೋ ಶಿಕ್ಷಕರೋ ಯಾರೇ ಆಗಲಿ, ರುಜುವಿಗೆ ಮುನ್ನ ಒಬ್ಬರು ಓದಿ ಹೇಳಲಿ.

ಗಂಟೆಗಳು, ದಾರಿಗಳು

ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಹಾಕಿಕೊಟ್ಟ ಅಳತೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ದಾರಿಗಳಲ್ಲಿ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54 ಗಂಟೆಯವರೆಗೆ. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ, ಎರಡು ದಿನಗಳ ಕೆಲಸದ ನಡುವೆ ಸತತ ಒಂಬತ್ತು ಗಂಟೆ ವಿಶ್ರಾಂತಿ. ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಇದನ್ನು ರೂಪಿಸಲಾಗಿತ್ತು. ವೃತ್ತಿ ಸುರಕ್ಷತೆ ಮತ್ತು ಆರೋಗ್ಯವನ್ನು ಕುರಿತ 2020ರ ಸಂಹಿತೆ ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ, ಎಂಟು ಗಂಟೆಯ ಅಳತೆ ಅಲ್ಲಿಯೂ ಉಳಿದಿದೆ. ಹೆದ್ದಾರಿಯ ವಾಸ್ತವ ಇದಕ್ಕಿಂತ ಎಷ್ಟು ದೂರವೆಂಬುದನ್ನು ಯಾವ ಚಾಲಕನ ಮನೆಯವರನ್ನು ಕೇಳಿದರೂ ತಿಳಿಯುತ್ತದೆ. ರಾಷ್ಟ್ರೀಯ ಪರವಾನಗಿಯ ಲಾರಿಗಳಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವನ್ನು 2018ರಲ್ಲಿ ಕೈಬಿಡಲಾಯಿತು. ಅಂದಿನಿಂದ ಒಬ್ಬನೇ ಹೋಗುವುದು ಹೆಚ್ಚಾಗಿದೆ. ದೂರದ ಕೆಲಸಕ್ಕೆ ಒಪ್ಪುವವರು ಎರಡನೆಯ ಚಾಲಕ ಇದ್ದಾನೆಯೇ ಎಂದು ಕೇಳಲೇಬೇಕು. 2025ರ ಅಕ್ಟೋಬರ್ 1ರ ನಂತರ ತಯಾರಾದ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ. ಹಳೆಯ ಗಾಡಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ನಮ್ಮ ಸೊಲ್ಲಾಪುರ, ರಾಯದುರ್ಗಗಳ ಬೇಸಿಗೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಲೋಕಲ್ ಎಂದರೆ ಹಗುರವೆಂಬ ತಿಳಿವಳಿಕೆಯೂ ಸರಿಯಲ್ಲ. ಟ್ರಿಪ್ಪಿಗಿಷ್ಟೆಂದು ಓಡುವ ಟಿಪ್ಪರು ಶಾಲೆ ಬಿಡುವ ಹೊತ್ತಿನಲ್ಲೂ ವೇಗ ತಗ್ಗಿಸುವುದಿಲ್ಲ, ನಮ್ಮ ಮಕ್ಕಳು ನಡೆಯುವ ರಸ್ತೆಯೂ ಅದೇ. ಹಾಲಿನ ಗಾಡಿಯವನು ಏಳುವುದು ನಸುಕಿನ ಮೂರಕ್ಕೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಗೇಟಿನೆದುರು ಸರದಿಗಾಗಿ ಲಾರಿಯಲ್ಲೇ ಮಲಗುವವರು ಮನೆಯಿಂದ ಹದಿನೈದು ಕಿಲೋಮೀಟರಿನಲ್ಲಿದ್ದೂ ಮನೆ ಸೇರುವುದಿಲ್ಲ. ಹಂಗಾಮು ಮುಗಿದ ಮೇಲೆ ಕೆಲಸವೂ ಮುಗಿಯುತ್ತದೆ. ಸಣ್ಣ ವಾಹನಗಳಲ್ಲಿ ಹಮಾಲಿಯ ಕೆಲಸವೂ ಚಾಲಕನ ಮೇಲೆಯೇ ಬೀಳುತ್ತದೆ. ಅದಕ್ಕೆ ಕೂಲಿ ಬೇರೆಯೋ ಸಂಬಳದೊಳಗೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಅಳತೆ ಮೀರಿದ ಲೋಡು ಎರಡೂ ಕಡೆಯ ಪಿಡುಗು. 2019ರ ತಿದ್ದುಪಡಿಯ ಪ್ರಕಾರ ಇದರ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚುವರಿ ಸರಕನ್ನು ಇಳಿಸದೆ ಗಾಡಿ ಬಿಡುವಂತಿಲ್ಲ. ತೂಕದ ಚೀಟಿಯನ್ನು ನೋಡದೆ ಹೊರಡಬಾರದು.

ಕಾಡಿನ ದಾರಿಗಳ ಕಟ್ಟುಪಾಡು ಗಡಿನಾಡಿಗೇ ಸೇರಿದ ವಿಷಯ. ವಯನಾಡಿನವರಿಗೆ ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧವಿದೆ. ತಾಳವಾಡಿಯವರಿಗೆ 27 ಕಡಿದಾದ ತಿರುವುಗಳ ದಿಂಬಂ ಘಾಟಿಯಲ್ಲಿ, ಬಣ್ಣಾರಿಯಿಂದ ಕಾರಾಪಳ್ಳದವರೆಗೆ, 2022ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ಕಡಿವಾಣವಿದೆ, ಭಾರಿ ಲಾರಿಗಳಿಗೆ ಇನ್ನೂ ಬಿಗಿ. ಹೊತ್ತು ಮೀರಿದರೆ ಲಾರಿ ಬೆಳಗಾಗುವತನಕ ಚೆಕ್‌ಪೋಸ್ಟಿನಲ್ಲಿ. ತಾಳವಾಡಿಯಿಂದ ಸತ್ಯಮಂಗಲಕ್ಕೆ ತರಕಾರಿ ಒಯ್ಯುವ ‘ಸ್ಥಳೀಯ’ ಚಾಲಕ ಹೀಗೆ ಪ್ರಾದೇಶಿಕ ಚಾಲಕನಂತೆಯೇ ರಾತ್ರಿ ಕಳೆಯುತ್ತಾನೆ. (ಕಾರಾಪಳ್ಳದ ಬಳಿ ಕಬ್ಬಿನ ಲಾರಿಗಳನ್ನು ತಡೆದು ಜಲ್ಲೆ ಕೀಳುವ ಆನೆಗಳ ಕಥೆಯನ್ನು ಅಲ್ಲಿನ ಮಕ್ಕಳು ಪ್ರಬಂಧದಲ್ಲಿ ಬರೆಯುತ್ತಾರೆ. ಅವರ ತಂದೆಯರಿಗೆ ಅದು ಅಷ್ಟು ಸೊಗಸಲ್ಲ.) ಕಾದ ರಾತ್ರಿಗೆ ಬಾಟಾ ಕೇಳುವುದು ಇಲ್ಲಿ ನ್ಯಾಯ.

ಅಪಘಾತ ಮತ್ತು ವಿಮೆ

ಸೇರುವ ಸಂಸ್ಥೆಯಲ್ಲಿ ಹತ್ತು ಅಥವಾ ಹೆಚ್ಚು ನೌಕರರಿದ್ದು ಸಂಬಳ 21,000 ಮೀರದಿದ್ದರೆ ಇಎಸ್‌ಐ ಸೌಲಭ್ಯ ಕೇಳಬಹುದು. ಇಪ್ಪತ್ತು ಅಥವಾ ಹೆಚ್ಚು ನೌಕರರಿದ್ದಲ್ಲಿ ಭವಿಷ್ಯ ನಿಧಿಯೂ ಉಂಟು. ದೊಡ್ಡ ಸಾಗಣೆ ಕಂಪನಿಗಳ ಪ್ರಾದೇಶಿಕ ಕೆಲಸದ ನಿಜವಾದ ಲಾಭ ಇದೇ. ಒಂದೇ ಗಾಡಿಯ ಮಾಲೀಕನ ಬಳಿ, ಅದು ಲೋಕಲ್ ಆಗಲಿ ಲೈನ್ ಆಗಲಿ, ಇವು ಸಿಗುವುದಿಲ್ಲ. ಅಲ್ಲಿ ಉಳಿಯುವ ಆಸರೆ ವಾಹನದ ವಿಮೆ. ವಾಹನದ ಕಡ್ಡಾಯ ವಿಮೆ ಸಂಬಳದ ಚಾಲಕನ ಸಾವು ಮತ್ತು ಗಾಯದ ಪರಿಹಾರದ ಹೊಣೆಯನ್ನೂ ಒಳಗೊಂಡಿರುತ್ತದೆ, ಆದರೆ ವಿಮೆ ಚಾಲ್ತಿಯಲ್ಲಿರಬೇಕು, ಚಾಲಕನ ಲೈಸೆನ್ಸ್ ಆ ವಾಹನಕ್ಕೆ ಸಲ್ಲಬೇಕು, ಅವನು ಸಂಬಳದ ಚಾಲಕನೆಂಬುದಕ್ಕೆ ಪುರಾವೆ ಇರಬೇಕು. ಸಂಬಳವನ್ನು ನಗದಾಗಿ ಪಡೆಯದೆ ಬ್ಯಾಂಕಿನ ಮೂಲಕವೇ ಪಡೆಯಿರಿ ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿ. ಇದರ ಮೇಲೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆ ಅಪಘಾತದ ಸಾವಿಗೆ ಎರಡು ಲಕ್ಷ ಕೊಡುತ್ತದೆ. ಬ್ಯಾಂಕ್ ಖಾತೆ ಇದ್ದರೆ ಸಾಕು.

ಅಪಘಾತವಾದರೆ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಗುಂಪಿನ ಹೊಡೆತದ ಭಯವಿದ್ದರೆ ನೇರ ಸಮೀಪದ ಠಾಣೆಗೆ ಹೋಗಬೇಕು. ತಿಳಿಸದೆ ಓಡಿಹೋದರೆ ಹತ್ತು ವರ್ಷ ಸೆರೆಯೆಂಬ ಭಾರತೀಯ ನ್ಯಾಯ ಸಂಹಿತೆಯ 106(2) ಉಪಕಲಮಿನ ವಿರುದ್ಧ 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಲಾರಿಗಳು ನಿಂತವು. ಸಂಹಿತೆ ಆ ವರ್ಷದ ಜುಲೈ 1ರಂದು ಜಾರಿಗೆ ಬಂದಾಗ ಆ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು. ಉಳಿದ ಹೊಣೆಗಳು ಹಾಗೆಯೇ ಇವೆ.

ಮನೆ ಮತ್ತು ಶಾಲೆ

ಪಾಲಕರ ಸಭೆಗೆ ಬರುವ ತಾಯಂದಿರಲ್ಲಿ ಹಲವರು ‘ಅವರು ಲೈನಿನಲ್ಲಿದ್ದಾರೆ’ ಎನ್ನುತ್ತಾರೆ. ಶಿಷ್ಯವೇತನದ ಅರ್ಜಿಗೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ, ಭಾಷಾ ಅಲ್ಪಸಂಖ್ಯಾತ ಸೌಲಭ್ಯಗಳಿಗೆ ಬೇಕಾದ ಕಾಗದಗಳು ತಂದೆಯ ಜೊತೆಗೇ ಪ್ರಯಾಣ ಮಾಡುತ್ತಿರುತ್ತವೆ. ಪ್ರಾದೇಶಿಕ ಕೆಲಸ ಆರಿಸಿಕೊಳ್ಳುವ ಕುಟುಂಬಗಳು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳನ್ನು ತಾಯಿಯ ಕೈಯಲ್ಲಿ ಬಿಡಬೇಕು. ಮಗು ಚಿಕ್ಕದಿರುವ ವರ್ಷಗಳಲ್ಲಿ ವಾರಕ್ಕೆ ಗೊತ್ತಾದ ಎರಡು ದಿನ ಮನೆಯಲ್ಲಿರುವಂಥ ಒಂದೇ ದಾರಿಯ ಲಾರಿ ಸಿಕ್ಕರೆ ಹಣ ತುಸು ಕಡಿಮೆಯಾದರೂ ಅದನ್ನು ಹಿಡಿಯುವುದು ಲೇಸೆಂದು ನಮ್ಮ ಅಭಿಪ್ರಾಯ. ಮಗುವಿಗೆ ಬೇಕಾದದ್ದು ಅಪ್ಪ ಯಾವ ದಿನ ಬರುತ್ತಾನೆಂಬ ಖಚಿತತೆ. ಕುಟುಂಬವನ್ನೇ ಸಾಗಿಸುವ ಯೋಚನೆಯಿದ್ದರೆ ವರ್ಷದ ನಡುವೆ ಬೇಡ. ಕನ್ನಡ ಮಾಧ್ಯಮದಿಂದ ಮರಾಠಿಗೋ ತಮಿಳಿಗೋ ಆರನೆಯ ತರಗತಿಯಲ್ಲಿ ಹಠಾತ್ತನೆ ದಾಟಿದ ಮಗು ಎರಡೂ ದಡ ತಪ್ಪುವುದನ್ನು ನಾವು ನೋಡಿದ್ದೇವೆ.

ಹೊಸಬರು ಮೊದಲ ಎರಡು ವರ್ಷ ಸಣ್ಣ ಗಾಡಿಯಲ್ಲಿ ಸ್ಥಳೀಯವಾಗಿ ಕೈ ಪಳಗಿಸಿ, ಆಮೇಲೆ ಎರಡನೆಯ ಚಾಲಕನಾಗಿ ದೂರದ ದಾರಿ ಕಲಿಯುವುದು ಅನುಭವಿ ಚಾಲಕರು ಹೇಳುವ ಕ್ರಮ. ನಲವತ್ತೈದು ದಾಟಿದ ಮೇಲೆ ಬೆನ್ನು, ಕಣ್ಣು, ಸಕ್ಕರೆ ಕಾಯಿಲೆಗಳಿಂದಾಗಿ ಹಲವರು ಮತ್ತೆ ಲೋಕಲ್‌ಗೆ ಮರಳುತ್ತಾರೆ. ಆಗ ಬೇಕಾಗುವ ಪರಿಚಯಗಳನ್ನು ಊರಿನಲ್ಲಿ ಉಳಿಸಿಕೊಂಡಿರಬೇಕು.

ಕೆಲಸಕ್ಕೆ ಸೇರುವಾಗ ಮೂಲ ಲೈಸೆನ್ಸನ್ನು ಮಾಲೀಕನ ಬಳಿ ಒತ್ತೆ ಇಡಬಾರದು. ನಕಲು ಕೊಟ್ಟರೆ ಸಾಕು. ಡಿಜಿಲಾಕರಿನಲ್ಲಿರುವ ಲೈಸೆನ್ಸೂ ತಪಾಸಣೆಯಲ್ಲಿ ಸಲ್ಲುತ್ತದೆ. ಸಾರಿಗೆ ವಾಹನದ ಲೈಸೆನ್ಸಿನ ಅವಧಿ ಐದು ವರ್ಷ, ಅಪಾಯಕಾರಿ ಸರಕಿನದು ಮೂರು ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದ ಮೇಲೆ ಹಿಂದೆ ಇದ್ದ 30 ದಿನಗಳ ವಿನಾಯಿತಿ ಈಗ ಇಲ್ಲ, ಮುಗಿದು ಒಂದು ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆಗೆ ನಿಲ್ಲಬೇಕು.